ಸ್ಲೊವೇನಿಯನ್ ಭಾಷೆಯ ಅನಿಯಮಿತ ಕೃದಂತಗಳು: ಯಾವ ದಾರಿಯಲ್ಲಿ ಕಲಿಯುವುದು ಮೇಲು?

ಸ್ಲೊವೇನಿಯನ್ ಕಲಿಯಲು ಹೊರಟವರಿಗೆ ಕ್ರಿಯಾಪದದ ಕೃದಂತ ರೂಪ ಬಹಳ ಬೇಗ ಎದುರಾಗುತ್ತದೆ. ನಿನ್ನೆ ನಡೆದದ್ದನ್ನು ಹೇಳಲು, ನಾಳೆ ಆಗಲಿರುವುದನ್ನು ಹೇಳಲು, ‘ಸಾಧ್ಯವಿದ್ದರೆ ಹೋಗುತ್ತಿದ್ದೆ’ ಎಂಬಂಥ ಷರತ್ತಿನ ಮಾತಿಗೆ, ಈ ಮೂರಕ್ಕೂ ಆ ಭಾಷೆಯಲ್ಲಿ ಬೇಕಾಗುವುದು ‘ಲ್’ ಅಕ್ಷರದಲ್ಲಿ ಮುಗಿಯುವ ಒಂದೇ ಕೃದಂತ. ಹೆಂಗಸೊಬ್ಬಳು ‘ಶ್ಲಾ ಸೆಮ್’ ಎಂದರೆ ‘ಹೋದೆ’, ‘ಶ್ಲಾ ಬೊಮ್’ ಎಂದರೆ ‘ಹೋಗುವೆ’, ‘ಶ್ಲಾ ಬಿ’ ಎಂದರೆ ‘ಹೋಗುತ್ತಿದ್ದೆ’ ಎಂದಾಗುತ್ತದೆ. ಬದಲಾಗುವುದು ಸಹಾಯಕ ಪದ ಮಾತ್ರ. ಹೀಗಿರುವುದರಿಂದ ಈ ಒಂದು ರೂಪವನ್ನು ಸರಿಯಾಗಿ ಕಲಿತವರಿಗೆ ಭಾಷೆಯ ಅರ್ಧ ಕ್ರಿಯಾವ್ಯವಸ್ಥೆ ಕೈಗೆ ಸಿಗುತ್ತದೆ, ತಪ್ಪಾಗಿ ಕಲಿತವರು ಪ್ರತಿ ವಾಕ್ಯದಲ್ಲೂ ಎಡವುತ್ತಾರೆ. ಪಟ್ಟಿ ಬಾಯಿಪಾಠ ಮಾಡುವುದು, ಧಾತುವಿನ ಗುಂಪು ಹಿಡಿದು ಕಲಿಯುವುದು, ಮೊಬೈಲಿನ ನೆನಪಿನ ಕಾರ್ಡುಗಳನ್ನು ನೆಚ್ಚುವುದು, ಓದು ಮತ್ತು ಕೇಳುವಿಕೆಯಿಂದ ಹೀರಿಕೊಳ್ಳುವುದು, ಶಿಕ್ಷಕರ ಬಳಿ ತರಗತಿಗೆ ಸೇರುವುದು ಎಂಬ ಐದು ದಾರಿಗಳು ಕಲಿಯುವವರ ಮುಂದಿರುತ್ತವೆ. ಇವುಗಳಲ್ಲಿ ಯಾವುದು ಯಾರಿಗೆ, ಯಾವ ಹಂತದಲ್ಲಿ ಹೊಂದುತ್ತದೆ ಎಂಬುದನ್ನು ತೂಗಿ ನೋಡುವುದು ಈ ಬರಹದ ಉದ್ದೇಶ.

ಮೊದಲಿಗೆ ಲಿಪ್ಯಂತರದ ವಿಷಯವಾಗಿ ಒಂದು ಮಾತು. ಇಲ್ಲಿ ಸ್ಲೊವೇನಿಯನ್ ಪದಗಳನ್ನು ಅವುಗಳ ಬರವಣಿಗೆಯನ್ನು ಅನುಸರಿಸಿ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದೆ. ‘ಜ಼’ ಎಂಬುದು ‘ಜ಼ೂ’ ಎನ್ನುವಾಗಿನ ಧ್ವನಿ. ‘ಝ’ ಎಂದು ಬರೆದಿರುವುದು ‘ಶ’ಕಾರಕ್ಕೆ ಕಂಠದ ನಾದ ಸೇರಿಸಿದರೆ ಹುಟ್ಟುವ ಧ್ವನಿ. ಪುಲ್ಲಿಂಗ ರೂಪದ ಕೊನೆಯ ‘ಲ್’ ಬರಹದಲ್ಲಿ ಮಾತ್ರ ಉಳಿದಿದೆ, ಉಚ್ಚಾರಣೆಯಲ್ಲಿ ಅದು ‘ಉ’ಕಾರದ ಕಡೆಗೆ ಸರಿಯುತ್ತದೆ. ‘ದೇಲಲ್’ ಎಂದು ಬರೆದದ್ದು ಕಿವಿಗೆ ‘ದೇಲಉ’ ಎಂದೇ ಬೀಳುತ್ತದೆ. ಈ ಸಂಗತಿ ಮುಂದಿನ ಆಯ್ಕೆಗಳ ಮೇಲೆ ನೇರವಾಗಿ ಪರಿಣಾಮ ಬೀರುತ್ತದೆ.

ದಾರಿಗಳನ್ನು ಹೋಲಿಸುವ ಮುನ್ನ ಕಷ್ಟ ಎಲ್ಲಿದೆ ಎಂಬುದನ್ನು ಗುರುತಿಸಿಕೊಳ್ಳಬೇಕು. ಕಲಿಕೆಯ ಪುಸ್ತಕಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಕಾಣುವ ‘ಅನಿಯಮಿತ ಕ್ರಿಯಾಪದಗಳು’ ಎಂಬ ಪಟ್ಟಿಯಲ್ಲಿ ಎರಡು ಬೇರೆ ಬೇರೆ ಜಾತಿಯ ಕ್ರಿಯಾಪದಗಳು ಬೆರೆತುಹೋಗಿರುತ್ತವೆ. ಒಂದು ಜಾತಿಯಲ್ಲಿ ವರ್ತಮಾನಕಾಲ ಮಾತ್ರ ವಿಚಿತ್ರವಾಗಿರುತ್ತದೆ. ‘ಓದು’ ಎಂಬರ್ಥದ ‘ಬ್ರಾತಿ’ ವರ್ತಮಾನದಲ್ಲಿ ‘ಬೆರೆಮ್’ ಆಗುತ್ತದೆ, ‘ತೆಗೆದುಕೊ’ ಎಂಬರ್ಥದ ‘ವ್ಜ಼ೆತಿ’ ‘ವ್ಜ಼ಾಮೆಮ್’ ಆಗುತ್ತದೆ, ‘ಹುಡುಕು’ ಎಂಬರ್ಥದ ‘ಇಸ್ಕಾತಿ’ ‘ಇಶ್ಚೆಮ್’ ಆಗುತ್ತದೆ, ‘ಅಟ್ಟು’ ಎಂಬರ್ಥದ ‘ಗ್ನಾತಿ’ ಗುರುತೇ ಸಿಗದಂತೆ ‘ಝೆನೆಮ್’ ಆಗುತ್ತದೆ. ಆದರೆ ಇವೆಲ್ಲದರ ಕೃದಂತ ಪೂರ್ಣ ಸರಳ: ಮೂಲರೂಪದ ಕೊನೆಯ ‘ತಿ’ ತೆಗೆದು ‘ಲಾ’ ಸೇರಿಸಿದರೆ ಬ್ರಾಲಾ, ವ್ಜ಼ೆಲಾ, ಇಸ್ಕಾಲಾ, ಗ್ನಾಲಾ ಎಂಬ ಸ್ತ್ರೀಲಿಂಗ ರೂಪಗಳು ಸಿದ್ಧವಾಗುತ್ತವೆ. ‘ಬಯಸು’ ಎಂಬ ‘ಹೊತೆತಿ’, ‘ಆರಂಭಿಸು’ ಎಂಬ ‘ಜ಼ಾಚೆತಿ’, ‘ಕಳುಹಿಸು’ ಎಂಬ ‘ಪೊಸ್ಲಾತಿ’ ಕೂಡ ಹೀಗೆಯೇ. ಕೃದಂತದ ದೃಷ್ಟಿಯಿಂದ ಇವುಗಳನ್ನು ಅನಿಯಮಿತ ಎನ್ನಲು ಕಾರಣವೇ ಇಲ್ಲ.

ಇನ್ನೊಂದು ಜಾತಿ ನಿಜವಾಗಿ ಗಮನ ಬೇಡುವಂಥದು. ಇದರಲ್ಲಿ ಮೂಲರೂಪವು ‘ಸ್ತಿ’ ಅಥವಾ ‘ಚಿ’ ಎಂದು ಮುಗಿಯುತ್ತದೆ, ಮತ್ತು ಆ ಅಂತ್ಯದೊಳಗೆ ಧಾತುವಿನ ನಿಜವಾದ ವ್ಯಂಜನ ಅಡಗಿ ಕುಳಿತಿರುತ್ತದೆ. ‘ಕದಿ’ ಎಂಬ ‘ಕ್ರಾಸ್ತಿ’ಯಲ್ಲಿ ಅಡಗಿರುವುದು ‘ದ’, ‘ಹೆಣೆ’ ಎಂಬ ‘ಪ್ಲೆಸ್ತಿ’ಯಲ್ಲಿ ‘ತ’, ‘ಕಚ್ಚು’ ಎಂಬ ‘ಗ್ರಿಸ್ತಿ’ಯಲ್ಲಿ ‘ಜ಼’, ‘ಒಯ್ಯು’ ಎಂಬ ‘ನೆಸ್ತಿ’ಯಲ್ಲಿ ‘ಸ’. ಮೂಲರೂಪವನ್ನು ಎಷ್ಟು ಹೊತ್ತು ನೋಡಿದರೂ ಇದು ತಿಳಿಯುವುದಿಲ್ಲ, ವರ್ತಮಾನದ ರೂಪವನ್ನು ಕೇಳಿದ ಕೂಡಲೇ ತಿಳಿಯುತ್ತದೆ: ಕ್ರಾದೆಮ್, ಪ್ಲೆತೆಮ್, ಗ್ರಿಜ಼ೆಮ್, ನೆಸೆಮ್. ಅಲ್ಲಿಂದ ಕ್ರಾದ್ಲಾ, ಪ್ಲೆತ್ಲಾ, ಗ್ರಿಜ಼್ಲಾ, ನೆಸ್ಲಾ ಎಂಬ ಕೃದಂತಗಳು ತಾವಾಗಿ ಬರುತ್ತವೆ. ಇದರ ಮಹತ್ವ ತಿಳಿಯಬೇಕಾದರೆ ‘ಪಾಸ್ತಿ’ ಎಂಬ ಪದವನ್ನು ನೋಡಬೇಕು. ಒಂದೇ ಬರಹದ ಈ ಮೂಲರೂಪಕ್ಕೆ ‘ಬೀಳು’ ಎಂಬ ಅರ್ಥವೂ ಇದೆ, ‘ದನ ಮೇಯಿಸು’ ಎಂಬ ಅರ್ಥವೂ ಇದೆ. ಮೊದಲನೆಯದರ ವರ್ತಮಾನ ‘ಪಾದೆಮ್’, ಆದ್ದರಿಂದ ಬಿದ್ದವಳು ‘ಪಾದ್ಲಾ’. ಎರಡನೆಯದರ ವರ್ತಮಾನ ‘ಪಾಸೆಮ್’, ಆದ್ದರಿಂದ ಮೇಯಿಸಿದವಳು ‘ಪಾಸ್ಲಾ’. ಮೂಲರೂಪವನ್ನಷ್ಟೇ ಕಲಿತವರಿಗೆ ಈ ಎರಡನ್ನು ಬೇರ್ಪಡಿಸಲು ಯಾವ ಆಧಾರವೂ ಇರುವುದಿಲ್ಲ.

‘ಚಿ’ ಅಂತ್ಯದ ಗುಂಪಿನಲ್ಲೂ ಇದೇ ತರ್ಕ ನಡೆಯುತ್ತದೆ, ಒಂದು ಮೆಟ್ಟಿಲು ಹೆಚ್ಚು ಅಷ್ಟೇ. ವರ್ತಮಾನದಲ್ಲಿ ‘ಚ’ ಕಂಡರೆ ಕೃದಂತದಲ್ಲಿ ‘ಕ’ ಬರುತ್ತದೆ, ‘ಝ’ ಕಂಡರೆ ‘ಗ’ ಬರುತ್ತದೆ. ‘ಹೇಳು’ ಎಂಬ ರೇಚಿ, ರೇಚೆಮ್ ಆಗಿ ರೇಕ್ಲಾ ಆಗುತ್ತದೆ. ‘ಬೇಯಿಸು’ ಎಂಬ ಪೆಚಿ, ಪೆಚೆಮ್ ಆಗಿ ಪೆಕ್ಲಾ ಆಗುತ್ತದೆ. ‘ಮಲಗಿಕೊ’ ಎಂಬ ಲೆಚಿ, ಲೆಝೆಮ್ ಆಗಿ ಲೆಗ್ಲಾ ಆಗುತ್ತದೆ. ‘ಎಸೆ’ ಎಂಬ ವ್ರೆಚಿ, ವರ್ಝೆಮ್ ಆಗಿ ವರ್ಗ್ಲಾ ಆಗುತ್ತದೆ. ‘ಕೂದಲು ಕತ್ತರಿಸು’ ಎಂಬ ಸ್ತ್ರಿಚಿ, ಸ್ತ್ರಿಝೆಮ್ ಆಗಿ ಸ್ತ್ರಿಗ್ಲಾ ಆಗುತ್ತದೆ. ಈ ಸಾಲಿನಿಂದ ತಪ್ಪಿಸಿಕೊಳ್ಳುವ ಪ್ರಮುಖ ಪದವೆಂದರೆ ‘ಸಾಧ್ಯವಾಗು’ ಎಂಬ ಅರ್ಥದ ‘ಮೊಚಿ’. ಅದರ ವರ್ತಮಾನದಲ್ಲಿದ್ದ ‘ಝ’ ಹಿಂದೆಯೇ ‘ರ’ಕಾರವಾಗಿ ‘ಮೊರೆಮ್’ ಎಂದಾಗಿದೆ, ಆದರೆ ಕೃದಂತ ‘ಮೊಗ್ಲಾ’ದಲ್ಲಿ ಹಳೆಯ ‘ಗ’ ಉಳಿದುಕೊಂಡಿದೆ. ಇವಲ್ಲದೆ ‘ಸಾಯು’ ಎಂಬ ‘ಉಮ್ರೆತಿ’, ‘ತೆರೆ’ ಎಂಬ ‘ಒದ್‌ಪ್ರೆತಿ’ ಮುಂತಾದವುಗಳ ಚಿಕ್ಕ ಗುಂಪೊಂದಿದೆ. ಇವು ಕೃದಂತದಲ್ಲಿ ‘ಎ’ಕಾರ ಕಳೆದುಕೊಂಡು ‘ಉಮರ್ಲಾ’, ‘ಒದ್‌ಪರ್ಲಾ’ ಆಗುತ್ತವೆ. ‘ತಿನ್ನು’ ಎಂಬ ‘ಯೆಸ್ತಿ’ಯ ವರ್ತಮಾನ ‘ಯೆಮ್’ ಎಂದು ಮೊಟಕಾಗಿರುವುದರಿಂದ ಅದರ ‘ಯೆದ್ಲಾ’ ಅನಿರೀಕ್ಷಿತವೆನಿಸುತ್ತದೆ, ಆದರೂ ‘ಅವರು ತಿನ್ನುತ್ತಾರೆ’ ಎಂಬ ‘ಯೆದೊ’ ರೂಪದಲ್ಲಿ ಆ ‘ದ’ ಕಾಣಿಸಿಕೊಳ್ಳುತ್ತದೆ. ಎಲ್ಲ ಲೆಕ್ಕ ತೆಗೆದ ಮೇಲೆ ಯಾವ ನಿಯಮಕ್ಕೂ ಒಗ್ಗದೆ ಉಳಿಯುವ ದೊಡ್ಡ ಕುಟುಂಬ ‘ಹೋಗು’ ಎಂಬ ‘ಇತಿ’ಯದು. ಅದರ ವರ್ತಮಾನ ‘ಗ್ರೆಮ್’, ಕೃದಂತ ‘ಶ್ಲಾ’. ಅದಕ್ಕೆ ಉಪಸರ್ಗ ಸೇರಿ ‘ಬಂದಳು’ ಎಂಬ ಪ್ರಿಶ್ಲಾ, ‘ಹೊರಟುಹೋದಳು’ ಎಂಬ ಒದ್‌ಶ್ಲಾ, ‘ಕಂಡುಹಿಡಿದಳು’ ಎಂಬ ನಾಶ್ಲಾ ಹುಟ್ಟುತ್ತವೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ, ಅಕಾರಾದಿಯಾಗಿ ಜೋಡಿಸಿದ ಪಟ್ಟಿಯನ್ನು ಬಾಯಿಪಾಠ ಮಾಡುವ ಮೊದಲ ದಾರಿ ಏಕೆ ದುರ್ಬಲ ಎಂಬುದು ಸ್ಪಷ್ಟವಾಗುತ್ತದೆ. ಆ ಪಟ್ಟಿ ಕಲಿಯುವ ಅಗತ್ಯವೇ ಇಲ್ಲದ ‘ಬ್ರಾಲಾ’ವನ್ನೂ ಕಲಿಯಲೇಬೇಕಾದ ‘ಶ್ಲಾ’ವನ್ನೂ ಒಂದೇ ತೂಕದಲ್ಲಿ ಮುಂದಿಡುತ್ತದೆ, ಒಂದೇ ಗುಂಪಿನ ರೇಚಿ ಮತ್ತು ಪೆಚಿಗಳನ್ನು ದೂರ ದೂರದ ಪುಟಗಳಿಗೆ ಹಾಕುತ್ತದೆ. ಮಗ್ಗಿಯಂತೆ ಒಪ್ಪಿಸುವ ಅಭ್ಯಾಸ ನಮ್ಮ ಶಾಲೆಗಳಲ್ಲಿ ಚೆನ್ನಾಗಿ ಬೇರೂರಿರುವುದರಿಂದ ಈ ದಾರಿ ಸಹಜವೆನಿಸಬಹುದು. ಪಟ್ಟಿಯ ನಿಜವಾದ ಉಪಯೋಗ ಪರೀಕ್ಷೆಯ ಹಿಂದಿನ ವಾರದಲ್ಲಿದೆ: ಕಲಿತದ್ದರಲ್ಲಿ ಯಾವುದು ಬಿಟ್ಟುಹೋಗಿದೆ ಎಂದು ಸರಿನೋಡಲು ಅದಕ್ಕಿಂತ ಅನುಕೂಲವಾದದ್ದು ಇಲ್ಲ. ಕಲಿಕೆಯ ಆರಂಭಕ್ಕೆ ಮಾತ್ರ ಅದನ್ನು ಆರಿಸಿಕೊಳ್ಳಬಾರದು.

ಎರಡನೆಯ ದಾರಿ, ಅಂದರೆ ಧಾತುವಿನ ಗುಂಪು ಹಿಡಿದು ಕಲಿಯುವುದು, ನನ್ನ ಅಭಿಪ್ರಾಯದಲ್ಲಿ ಎಲ್ಲರೂ ಮೊದಲು ನಡೆಯಬೇಕಾದ ದಾರಿ. ಹೊಸ ಕ್ರಿಯಾಪದ ಎದುರಾದಾಗಲೆಲ್ಲ ಮೂಲರೂಪ, ವರ್ತಮಾನದ ‘ನಾನು’ ರೂಪ, ಕೃದಂತದ ಸ್ತ್ರೀಲಿಂಗ ರೂಪ ಎಂಬ ಮೂರನ್ನು ಒಟ್ಟಿಗೇ ಬರೆದುಕೊಳ್ಳಬೇಕು: ನೆಸ್ತಿ, ನೆಸೆಮ್, ನೆಸ್ಲಾ. ಮೂರನೆಯದಾಗಿ ಪುಲ್ಲಿಂಗವನ್ನಲ್ಲದೆ ಸ್ತ್ರೀಲಿಂಗವನ್ನು ಬರೆದುಕೊಳ್ಳಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಪುಲ್ಲಿಂಗದ ‘ರೇಕೆಲ್’ ರೂಪದಲ್ಲಿ ಉಚ್ಚಾರಣೆಯ ಅನುಕೂಲಕ್ಕೆ ನಡುವೆ ಸೇರಿದ ‘ಎ’ಕಾರವೊಂದಿದೆ, ಕೊನೆಯ ‘ಲ್’ ಕಿವಿಗೆ ಕೇಳಿಸುವುದಿಲ್ಲ. ಸ್ತ್ರೀಲಿಂಗದ ‘ರೇಕ್ಲಾ’ದಲ್ಲಿ ಧಾತು ಮತ್ತು ಪ್ರತ್ಯಯ ಎರಡೂ ಮರೆಯಿಲ್ಲದೆ ಕಾಣುತ್ತವೆ. ಸ್ತ್ರೀಲಿಂಗದಿಂದ ಪುಲ್ಲಿಂಗಕ್ಕೆ ಹೋಗುವ ನಿಯಮ ಸುಲಭ: ಕೊನೆಯ ಸ್ವರ ತೆಗೆಯಬೇಕು, ‘ಲ್’ ಹಿಂದೆ ವ್ಯಂಜನವಿದ್ದರೆ ನಡುವೆ ‘ಎ’ ಸೇರಿಸಬೇಕು, ಆ ವ್ಯಂಜನ ಉಮರ್ಲಾದಲ್ಲಿರುವಂತೆ ‘ರ’ ಆಗಿದ್ದರೆ ಸೇರಿಸಬಾರದು. ಎಲ್ಲಕ್ಕಿಂತ ಅನಿಯಮಿತವೆನಿಸಿದ ‘ಶ್ಲಾ’ ಕೂಡ ಈ ನಿಯಮದಂತೆಯೇ ‘ಶೆಲ್’ ಆಗುತ್ತದೆ. ಪುಲ್ಲಿಂಗದಿಂದ ಸ್ತ್ರೀಲಿಂಗಕ್ಕೆ ಹೋಗಲು ಅಂಥ ಭರವಸೆಯ ನಿಯಮವಿಲ್ಲ.

ಇದನ್ನು ಒಂದು ಉದಾಹರಣೆಯಲ್ಲಿ ಹತ್ತಿರದಿಂದ ನೋಡಬಹುದು. ‘ಕುಳಿತುಕೊ’ ಎಂಬ ಕ್ರಿಯೆಗೆ ‘ಸೆಸ್ತಿ’, ‘ಕುಳಿತಿರು’ ಎಂಬ ಸ್ಥಿತಿಗೆ ‘ಸೆದೆತಿ’ ಎಂಬ ಎರಡು ಕ್ರಿಯಾಪದಗಳಿವೆ. ಎರಡರ ಪುಲ್ಲಿಂಗ ಕೃದಂತವನ್ನೂ ಬರೆಯುವುದು ‘ಸೆದೆಲ್’ ಎಂದೇ. ಪುಲ್ಲಿಂಗವನ್ನಷ್ಟೇ ನೆನಪಿಟ್ಟುಕೊಂಡವರು ಹೆಂಗಸಿನ ವಿಷಯವಾಗಿ ಮಾತಾಡಬೇಕಾದಾಗ ಯಾವ ರೂಪ ಹೇಳಬೇಕೆಂದು ತಿಳಿಯದೆ ನಿಲ್ಲುತ್ತಾರೆ. ‘ಅವಳು ಕುರ್ಚಿಯ ಮೇಲೆ ಕುಳಿತುಕೊಂಡಳು’ ಎನ್ನಲು ‘ಸೆದ್ಲಾ ಯೆ ನಾ ಸ್ತೊಲ್’, ‘ಅವಳು ಕುರ್ಚಿಯ ಮೇಲೆ ಕುಳಿತಿದ್ದಳು’ ಎನ್ನಲು ‘ಸೆದೆಲಾ ಯೆ ನಾ ಸ್ತೊಲು’. ಕನ್ನಡದಲ್ಲಿ ‘ಕೊಂಡಳು’ ಮತ್ತು ‘ಇದ್ದಳು’ ಮಾಡುವ ಭೇದವನ್ನು ಇಲ್ಲಿ ಒಂದು ಸ್ವರ ಮಾಡುತ್ತದೆ, ಜೊತೆಗೆ ಕುರ್ಚಿಯ ವಿಭಕ್ತಿಯೂ ಬದಲಾಗುತ್ತದೆ. ಕಲಿಯುವವರು ಗಂಡಸರಾದರೆ ತಮ್ಮ ಬಗ್ಗೆ ಹೇಳುವಾಗ ‘ಶೆಲ್ ಸೆಮ್’ ಎಂದೇ ಹೇಳಬೇಕಾದ್ದರಿಂದ ಪುಲ್ಲಿಂಗದ ರೂಢಿಯೂ ಬೇಕು ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ಉತ್ತರವೆಂದರೆ, ನೆನಪಿನಲ್ಲಿ ಕಾಪಿಡುವುದು ಸ್ತ್ರೀಲಿಂಗವಾಗಿರಲಿ, ಬಾಯಲ್ಲಿ ಆಡಿ ರೂಢಿಸಿಕೊಳ್ಳುವುದು ತಮಗೆ ಬೇಕಾದ ಲಿಂಗವಾಗಿರಲಿ.

ಈ ಲಿಂಗವಚನದ ವಿಷಯದಲ್ಲಿ ಕನ್ನಡ ಬಲ್ಲವರಿಗೆ ಒಂದಿಷ್ಟು ಅನುಕೂಲವೂ ಒಂದು ಅಪಾಯವೂ ಇವೆ. ಕ್ರಿಯಾಪದ ಕರ್ತೃವಿನ ಲಿಂಗವನ್ನು ಹೇಳುವುದು ‘ಬಂದನು, ಬಂದಳು, ಬಂದಿತು’ ಎನ್ನುವವರಿಗೆ ಹೊಸತಲ್ಲ. ಒಬ್ಬರನ್ನೇ ಗೌರವದಿಂದ ‘ನೀವು ಬಂದಿರಿ’ ಎಂದು ಬಹುವಚನದಲ್ಲಿ ಮಾತಾಡಿಸುವ ರೀತಿಯೂ ಅಲ್ಲಿದೆ, ಎದುರಿಗಿರುವವರು ಹೆಂಗಸಾದರೂ ಶಿಷ್ಟ ಭಾಷೆಯಲ್ಲಿ ಪುಲ್ಲಿಂಗ ಬಹುವಚನದ ‘ಸ್ತೆ ಪ್ರಿಶ್ಲಿ’ ಎಂದೇ ಹೇಳಬೇಕು. ಹೈಸ್ಕೂಲಿನಲ್ಲಿ ಸಂಸ್ಕೃತ ಓದಿದವರಿಗೆ ದ್ವಿವಚನವೂ ಪರಿಚಿತ. ಅಪಾಯವಿರುವುದು ಉತ್ತಮ ಪುರುಷದಲ್ಲಿ. ಕನ್ನಡದ ‘ನಾನು ಹೋದೆ’ ಹೇಳುವವರ ಲಿಂಗವನ್ನು ತೋರಿಸುವುದಿಲ್ಲ, ಸ್ಲೊವೇನಿಯನ್ ತೋರಿಸುತ್ತದೆ. ಅಲ್ಲದೆ ರೂಪಗಳು ಒಂದರ ಮೇಲೊಂದು ಹೊಂದಿಕೊಂಡಿರುತ್ತವೆ. ‘ಶ್ಲಾ’ ಎಂಬುದು ಒಬ್ಬ ಹೆಂಗಸಿಗೂ ಸಲ್ಲುತ್ತದೆ, ಇಬ್ಬರು ಗಂಡಸರಿಗೂ ಸಲ್ಲುತ್ತದೆ. ‘ಶ್ಲಿ’ ಎಂಬುದು ಹಲವು ಗಂಡಸರಿಗೂ ಇಬ್ಬರು ಹೆಂಗಸರಿಗೂ ಸಲ್ಲುತ್ತದೆ. ‘ಶ್ಲೆ’ ಎಂಬುದು ಮೂವರು ಅಥವಾ ಹೆಚ್ಚು ಹೆಂಗಸರಿಗೆ ಮಾತ್ರ. ಒಬ್ಬ ಗಂಡಸು ಒಬ್ಬ ಹೆಂಗಸು ಸೇರಿದ ಜೋಡಿಗೆ ಪುಲ್ಲಿಂಗ ದ್ವಿವಚನದ ‘ಶ್ಲಾ’. ಇವುಗಳನ್ನು ಪ್ರತ್ಯೇಕ ಪದಗಳಂತೆ ಕಂಠಪಾಠ ಮಾಡಬಾರದು. ಪ್ರತ್ಯಯಗಳ ಒಂದು ಕೋಷ್ಟಕ ತಿಳಿದರೆ ಅದು ಎಲ್ಲ ಕ್ರಿಯಾಪದಗಳಿಗೂ ಸಾಕು.

ಮೂರನೆಯ ದಾರಿ ನೆನಪಿನ ಕಾರ್ಡುಗಳದು. ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಕೇಳುವ ಆಂಕಿಯಂಥ ತಂತ್ರಾಂಶಗಳು ಕಲಿತದ್ದನ್ನು ಉಳಿಸಿಕೊಳ್ಳಲು ಬಹಳ ಸಮರ್ಥವಾಗಿವೆ. ಆದರೆ ಅವು ಉಳಿಸುವ ಸಾಧನಗಳು, ತಿಳಿಸುವ ಸಾಧನಗಳಲ್ಲ. ಗುಂಪುಗಳ ತರ್ಕ ತಿಳಿಯದೆ ಕಾರ್ಡುಗಳಿಗೆ ಹೋದವರು ಅದೇ ಅಕಾರಾದಿ ಪಟ್ಟಿಯನ್ನು ತುಂಡು ತುಂಡಾಗಿ ಕಂಠಪಾಠ ಮಾಡುತ್ತಾರೆ. ಇತರರು ಸಿದ್ಧಪಡಿಸಿದ ಕಾರ್ಡುಗಳಿಗಿಂತ ಸ್ವಂತವಾಗಿ ಮಾಡಿಕೊಂಡವು ಮೇಲು, ಏಕೆಂದರೆ ‘ಇಸ್ಕಾತಿ’ಗೆ ಕಾರ್ಡು ಬೇಡ, ‘ವ್ರೆಚಿ’ಗೆ ಬೇಕು ಎಂಬ ನಿರ್ಧಾರ ಮಾಡುವುದರಲ್ಲೇ ಅರ್ಧ ಕಲಿಕೆ ಮುಗಿಯುತ್ತದೆ. ಕಾರ್ಡಿನ ಒಂದು ಬದಿಯಲ್ಲಿ ಬರೀ ಮೂಲರೂಪ ಬರೆಯಬೇಡಿ. ಅಲ್ಲಿ ‘ಅವಳು ಕುಳಿತುಕೊಂಡಳು’ ಎಂಬಂಥ ಪೂರ್ಣ ಕನ್ನಡ ವಾಕ್ಯವಿರಲಿ, ಹಿಂಬದಿಯಲ್ಲಿ ‘ಸೆದ್ಲಾ ಯೆ’ ಇರಲಿ. ಹೀಗೆ ಮಾಡಿದಾಗ ಮಾತಿನಲ್ಲಿ ನಿಜವಾಗಿ ಬೇಕಾಗುವ ದಿಕ್ಕಿನಲ್ಲೇ, ಅಂದರೆ ಅರ್ಥದಿಂದ ರೂಪದ ಕಡೆಗೆ, ನೆನಪು ಓಡಲು ಕಲಿಯುತ್ತದೆ.

ಓದುವುದು ಮತ್ತು ಕೇಳುವುದು ನಾಲ್ಕನೆಯ ದಾರಿ. ಲ್ಯುಬ್ಲಿಯಾನಾ ಅಥವಾ ಮಾರಿಬೋರ್‌ನಲ್ಲಿ ಓದಿಗೋ ಕೆಲಸಕ್ಕೋ ನೆಲೆಸಿದವರಿಗೆ ಇದು ಬೇಡವೆಂದರೂ ಸಿಗುವ ಸೌಲಭ್ಯ, ಆದರೆ ಅದರಲ್ಲೂ ಒಂದು ತೊಡಕಿದೆ. ಲ್ಯುಬ್ಲಿಯಾನಾದ ಆಡುಮಾತಿನಲ್ಲಿ ‘ರೇಕೆಲ್’ ಎಂಬುದು ‘ರೇಕು’ ಎಂದಾಗುವುದು ಸಾಮಾನ್ಯ. ಬರೀ ಕೇಳಿ ಕಲಿತವರಿಗೆ ಮಾತು ಚೆನ್ನಾಗಿ ಅರ್ಥವಾಗುತ್ತದೆ, ಬರೆಯುವಾಗ ಮಾತ್ರ ಅಕ್ಷರ ತಪ್ಪುತ್ತದೆ. ಹೀಗಾಗಿ ಗುಂಪುಗಳನ್ನು ತಿಳಿದ ಮೇಲೆಯೇ ಈ ದಾರಿ ಫಲ ಕೊಡುತ್ತದೆ.

ಇನ್ನೊಂದು ಬಗೆಯ ಕೃದಂತಕ್ಕೆ ಮಾತ್ರ ಈ ನಾಲ್ಕನೆಯ ದಾರಿಯೇ ಎಲ್ಲಕ್ಕಿಂತ ಉತ್ತಮ. ಅದು ‘ನ್’ ಅಥವಾ ‘ತ್’ ಎಂದು ಮುಗಿಯುವ ಕರ್ಮಣಿ ಕೃದಂತ, ಅಂದರೆ ‘ಮಾಡಲ್ಪಟ್ಟ’ ಎಂಬ ಅರ್ಥದ್ದು. ಸಂಸ್ಕೃತದ ‘ಪೀತ’, ‘ಭಿನ್ನ’ ಮುಂತಾದವುಗಳ ‘ತ’ ಮತ್ತು ‘ನ’ ಪ್ರತ್ಯಯಗಳು ಹಾಗೂ ಇವು ಒಂದೇ ಇಂಡೋ-ಯುರೋಪಿಯನ್ ಮೂಲದಿಂದ ಬಂದವು. ‘ಕುಡಿದು ಮುಗಿಸಿದ’ ಎಂಬ ಸ್ಲೊವೇನಿಯನ್ ‘ಪೊಪಿತ್’ ಪಕ್ಕದಲ್ಲಿ ‘ಪೀತ’ವನ್ನಿಟ್ಟರೆ ಸಂಬಂಧ ಎದ್ದು ಕಾಣುತ್ತದೆ. ಈ ರೂಪಗಳು ಊರಿನ ಗೋಡೆ ಬಾಗಿಲುಗಳ ಮೇಲೆ ಬರೆದೇ ಇರುತ್ತವೆ. ಅಂಗಡಿಯ ಬಾಗಿಲಲ್ಲಿ ‘ತೆರೆದಿದೆ’ ಎಂಬ ‘ಒದ್‌ಪರ್ತೊ’, ‘ಮುಚ್ಚಿದೆ’ ಎಂಬ ‘ಜ಼ಾಪರ್ತೊ’, ಶೌಚಾಲಯದ ಚಿಲಕದ ಬಳಿ ‘ಒಳಗೆ ಜನರಿದ್ದಾರೆ’ ಎಂಬರ್ಥದಲ್ಲಿ ‘ಜ಼ಾಸೆದೆನೊ’, ಟಿಕೆಟ್ ಮುಗಿದ ಕಡೆ ‘ರಾಜ಼್‌ಪ್ರೊದಾನೊ’, ನಿಷೇಧ ಫಲಕಗಳಲ್ಲಿ ‘ಪ್ರೆಪೊವೆದಾನೊ’. ಇವುಗಳಲ್ಲಿ ‘ಜ಼ಾಸೆದೆನೊ’ ನಾವು ಮೇಲೆ ನೋಡಿದ ‘ಸೆಸ್ತಿ’ಗೆ ಉಪಸರ್ಗ ಸೇರಿ ಹುಟ್ಟಿದ್ದು, ಅದರಲ್ಲೂ ಅದೇ ‘ದ’ ಇದೆ. ಈ ಬಗೆಯಲ್ಲಿ ಕಠಿಣವಾದದ್ದು ವ್ಯಂಜನ ಬದಲಾವಣೆ: ‘ಕೊಳ್ಳು’ ಎಂಬ ಕುಪಿತಿ ‘ಕುಪ್ಲ್ಯೆನ್’ ಆಗುತ್ತದೆ, ‘ಹೆರು’ ಎಂಬ ರೊದಿತಿ ‘ರೊಯೆನ್’ ಆಗುತ್ತದೆ, ‘ಸ್ವಚ್ಛಗೊಳಿಸು’ ಎಂಬ ಒಚಿಸ್ತಿತಿ ‘ಒಚಿಶ್ಚೆನ್’ ಆಗುತ್ತದೆ. ‘ಚಿ’ ಗುಂಪಿನವು ಕೃದಂತದ ‘ಕ’, ‘ಗ’ಗಳನ್ನು ಬಿಟ್ಟು ವರ್ತಮಾನದ ವ್ಯಂಜನಕ್ಕೆ ಮರಳಿ ಪೆಚೆನ್, ವರ್ಝೆನ್ ಎಂದಾಗುತ್ತವೆ. ಆರಂಭದಲ್ಲಿ ಇವುಗಳ ನಿಯಮಕ್ಕೆ ತಲೆ ಕೆಡಿಸಿಕೊಳ್ಳದೆ ಫಲಕಗಳಿಂದ ಕಂಡಂತೆ ಕಲಿತು, ‘ಲ್’ ಕೃದಂತ ಗಟ್ಟಿಯಾದ ಮೇಲೆ ನಿಯಮಕ್ಕೆ ಬಂದರೆ ಸಾಕು. ‘ಹೇಳಿ’, ‘ಬಂದು’ ಎಂಬಂತೆ ಬರುವ ಪುಸ್ತಕದ ಭಾಷೆಯ ಇತರ ಕೃದಂತಗಳನ್ನು ಸಾಹಿತ್ಯ ಓದುವ ಹಂತದವರೆಗೆ ಮುಂದೂಡಬಹುದು.

ತರಗತಿಯ ಆಯ್ಕೆಯಲ್ಲಿ ಹೆಚ್ಚು ಗೊಂದಲವಿಲ್ಲ. ಲ್ಯುಬ್ಲಿಯಾನಾ ವಿಶ್ವವಿದ್ಯಾಲಯದ ಕಲಾ ವಿಭಾಗದಲ್ಲಿ ಸ್ಲೊವೇನಿಯನ್ ಅನ್ನು ಎರಡನೆಯ ಹಾಗೂ ವಿದೇಶಿ ಭಾಷೆಯಾಗಿ ಕಲಿಸುವ ಕೇಂದ್ರವಿದೆ. ಸ್ಲೊವೇನಿಯನ್ ಭಾಷೆ, ಸಾಹಿತ್ಯ, ಸಂಸ್ಕೃತಿಗಳ ಬೇಸಿಗೆ ಸೆಮಿನಾರ್ 1965ರಿಂದ ಲ್ಯುಬ್ಲಿಯಾನಾದಲ್ಲಿ ನಡೆದುಬಂದಿದೆ. ದೂರದಲ್ಲಿರುವವರಿಗೆ ಅದೇ ಕೇಂದ್ರದ ‘ಸ್ಲೊನ್‌ಲೈನ್’ ಎಂಬ ಉಚಿತ ಅಂತರ್ಜಾಲ ಪಾಠವಿದೆ. ಶಿಕ್ಷಕರಿಂದ ಸಿಗುವ, ಬೇರೆಲ್ಲೂ ಸಿಗದ ಸಂಗತಿ ಎಂದರೆ ಪುಲ್ಲಿಂಗದ ಕೊನೆಯ ಧ್ವನಿಯನ್ನೂ ದ್ವಿವಚನವನ್ನೂ ಮಾತಿನ ನಡುವೆ ತಕ್ಷಣ ತಿದ್ದಿಸಿಕೊಳ್ಳುವ ಅವಕಾಶ. ರೂಪಗಳನ್ನು ಅರಿಯಲು ಮಾತ್ರ ಹಣ ಕೊಟ್ಟು ತರಗತಿಗೆ ಹೋಗಬೇಕಾಗಿಲ್ಲ.

ಯಾವ ದಾರಿ ಹಿಡಿದರೂ ಒಂದು ಆಕರ ಬೇಕಾಗುತ್ತದೆ, ಅದರಲ್ಲೂ ಆಯ್ಕೆಗಳಿವೆ. ಫ್ರಾನ್ ರಾಮೊವ್ಶ್ ಸ್ಲೊವೇನಿಯನ್ ಭಾಷಾ ಸಂಸ್ಥೆ 2014ರಲ್ಲಿ ತೆರೆದ ‘ಫ್ರಾನ್’ ಜಾಲತಾಣದಲ್ಲಿ, 1970ರಿಂದ 1991ರವರೆಗೆ ಐದು ಸಂಪುಟಗಳಲ್ಲಿ ಹೊರಬಂದ ಶಿಷ್ಟ ಸ್ಲೊವೇನಿಯನ್ ನಿಘಂಟು ಉಚಿತವಾಗಿ ಸಿಗುತ್ತದೆ. ಅದು ‘ನೆಸ್ತಿ’ಯಂಥ ಪದದ ತಲೆಬರಹದಲ್ಲೇ ವರ್ತಮಾನವನ್ನೂ ಪುಲ್ಲಿಂಗ, ಸ್ತ್ರೀಲಿಂಗ ಕೃದಂತಗಳನ್ನೂ ಸ್ವರಭಾರದ ಚಿಹ್ನೆಯೊಡನೆ ಕೊಡುತ್ತದೆ, ಅಂದರೆ ಮೇಲೆ ಹೇಳಿದ ಮೂರು ರೂಪಗಳ ಪದ್ಧತಿಗೆ ಹೇಳಿ ಮಾಡಿಸಿದಂತಿದೆ. ಲ್ಯುಬ್ಲಿಯಾನಾ ವಿಶ್ವವಿದ್ಯಾಲಯದ ಭಾಷಾ ಸಂಪನ್ಮೂಲ ಕೇಂದ್ರದ ‘ಸ್ಲೊಲೆಕ್ಸ್’ ಪ್ರತಿ ಪದದ ಎಲ್ಲ ರೂಪಗಳನ್ನೂ ಕೋಷ್ಟಕವಾಗಿ ಬಿಡಿಸಿಡುತ್ತದೆ. ದ್ವಿವಚನದಲ್ಲಿ ಅನುಮಾನ ಬಂದಾಗ ನೋಡಬೇಕಾದದ್ದು ಅದನ್ನು. ನೂರು ಕೋಟಿಗೂ ಹೆಚ್ಚು ಪದಗಳ ‘ಗಿಗಾಫಿದಾ’ ಪಠ್ಯಸಂಗ್ರಹದಲ್ಲಿ ಹುಡುಕಿದರೆ ಒಂದು ರೂಪ ನಿಜವಾದ ಬರಹದಲ್ಲಿ ಹೇಗೆ ಬಂದಿದೆ ಎಂಬುದು ವಾಕ್ಯಸಮೇತ ಸಿಗುತ್ತದೆ, ಕಾರ್ಡುಗಳಿಗೆ ವಾಕ್ಯ ಆರಿಸಲು ಅದು ಒಳ್ಳೆಯ ಗಣಿ. ಆರಂಭದವರಿಗೆ ಫ್ರಾನ್ ಸಾಕು ಎಂದು ನನಗೆ ಅನಿಸುತ್ತದೆ. ಅದರ ವಿವರಣೆಗಳೆಲ್ಲ ಸ್ಲೊವೇನಿಯನ್ ಭಾಷೆಯಲ್ಲೇ ಇದ್ದರೂ ತಲೆಬರಹದ ಸಾಲನ್ನು ಓದಲು ಭಾಷೆ ಬರಬೇಕಾಗಿಲ್ಲ.

ಇನ್ನು ಯಾರು ಏನನ್ನು ಆರಿಸಬೇಕು ಎಂಬುದು. ಪೌರತ್ವದ ಅರ್ಜಿಗಾಗಿ ಭಾಷಾ ಪರೀಕ್ಷೆ ಬರೆಯುವವರು ಗುಂಪುಗಳಿಂದ ಆರಂಭಿಸಿ, ಕಾರ್ಡುಗಳಿಂದ ಗಟ್ಟಿಮಾಡಿಕೊಂಡು, ಕೊನೆಯ ವಾರದಲ್ಲಿ ಪಟ್ಟಿಯಿಂದ ಸರಿನೋಡಿಕೊಳ್ಳಲಿ. ಕಾಲಾವಕಾಶ ತೀರಾ ಕಡಿಮೆಯಿದ್ದರೆ ಶ್ಲಾ ಕುಟುಂಬ, ರೇಕ್ಲಾ, ಮೊಗ್ಲಾ, ಯೆದ್ಲಾ, ಒದ್‌ಪರ್ಲಾ ಇವುಗಳಿಗೆ ಮೊದಲ ಸ್ಥಾನ ಕೊಡಲಿ, ದಿನದ ಮಾತು ಇವಿಲ್ಲದೆ ನಡೆಯುವುದಿಲ್ಲ. ಮದುವೆಯಿಂದಲೋ ಕೆಲಸದಿಂದಲೋ ಸ್ಲೊವೇನಿಯನ್ ಮನೆಮಾತಿನ ನಡುವೆ ಬದುಕುವವರಿಗೆ ಕಿವಿಯಿಂದ ಬರುವುದು ಬೇಕಾದಷ್ಟು ಇರುತ್ತದೆ. ಅವರು ಕಾರ್ಡುಗಳನ್ನು ಬಿಟ್ಟು, ಆಡುಮಾತಿನ ‘ರೇಕು’ವನ್ನು ಬರಹದ ‘ರೇಕೆಲ್’ಗೆ ಜೋಡಿಸುವ ಬರವಣಿಗೆಯ ಅಭ್ಯಾಸಕ್ಕೆ ಹೊತ್ತು ಕೊಟ್ಟರೆ ಹೆಚ್ಚು ಲಾಭ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕುಳಿತು, ಸುತ್ತ ಆ ಭಾಷೆಯ ಒಬ್ಬರೂ ಇಲ್ಲದೆ ಕಲಿಯುವವರಿಗೆ ಗುಂಪು ಮತ್ತು ಕಾರ್ಡುಗಳೇ ಮುಖ್ಯ ಆಧಾರ, ಸ್ಲೊನ್‌ಲೈನ್ ಪಾಠದ ಧ್ವನಿಯೇ ಶಿಕ್ಷಕ. ಅಂಥವರು ಕಾರ್ಡಿನ ಉತ್ತರವನ್ನು ಮನಸ್ಸಿನಲ್ಲಿ ಅಂದುಕೊಂಡು ಮುಂದೆ ಹೋಗದೆ ಪ್ರತಿ ಸಲವೂ ಗಟ್ಟಿಯಾಗಿ ಉಚ್ಚರಿಸಬೇಕು. ಮೊದಲು ಸ್ತ್ರೀಲಿಂಗದ ‘ರೇಕ್ಲಾ’ವನ್ನು ‘ಲ’ಕಾರ ಸ್ಪಷ್ಟವಾಗುವಂತೆ, ಆಮೇಲೆ ಪುಲ್ಲಿಂಗದ ‘ರೇಕೆಲ್’ ಅನ್ನು ಕೊನೆಯ ‘ಲ್’ ಕೇಳಿಸದಂತೆ ಹೇಳಬೇಕು. ಮೌನವಾಗಿ ಓದಿ ಕಲಿತವರ ಬಾಯಲ್ಲಿ ಆ ‘ಲ್’ ಒಮ್ಮೆ ನೆಲೆಯೂರಿದರೆ ಮುಂದೆ ಅದನ್ನು ಬಿಡಿಸಿಕೊಳ್ಳಲು ಹೊಸ ರೂಪ ಕಲಿಯುವುದಕ್ಕಿಂತ ಹೆಚ್ಚು ಶ್ರಮ ಬೇಕಾಗುತ್ತದೆ.